ಒಂದು ನಿಮಿಷ ನಲವತ್ತೆಂಟು ಸೆಕೆಂಡು

ಆ ವಿಡಿಯೋವನ್ನು ಏಳನೆಯ ಸಲ ನೋಡುವ ಹೊತ್ತಿಗೆ ಶಶಿಪ್ರಭಾ ತಪ್ಪು ಹುಡುಕುವುದನ್ನು ಬಿಟ್ಟುಬಿಟ್ಟಿದ್ದಳು. ಮೊದಲ ನಾಲ್ಕು ಸಲ ನೋಡಿದ್ದೇ ತಪ್ಪಿಗಾಗಿ. ಕ್ಯಾಮೆರಾ ಎಲ್ಲಾದರೂ ಅಲುಗಿದೆಯೇ, ಒಂದು ಶಾಟಿನ ಹಸಿರು ಇನ್ನೊಂದರಲ್ಲಿ ಬೇರೆಯಾಗಿದೆಯೇ, ಬ್ಯಾಗಿನ ಮೇಲಿನ ಹೆಸರು ಓದಲು ಸಿಗುತ್ತದೆಯೇ. ಮೂಡುಬಿದಿರೆಯ ಬಟ್ಟೆ ಅಂಗಡಿಯೊಂದರ ಮೇಲಿನ ಈ ಎಡಿಟಿಂಗ್ ಕೋಣೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಬೇರೆಯವರು ಶೂಟ್ ಮಾಡಿ ತಂದ ಮದುವೆಗಳನ್ನು ಕತ್ತರಿಸಿ ಜೋಡಿಸುತ್ತ ಬಂದವಳಿಗೆ ತಪ್ಪು ಸಿಗದೆ ಇರುವುದೇ ಇಲ್ಲ. ಇದರಲ್ಲಿ ಸಿಗಲಿಲ್ಲ. ಮುಂಡಾಜೆಯಲ್ಲಿ ಚಾರಣದ ಬ್ಯಾಗು, ಟೆಂಟು ಹೊಲಿಸಿ ಆನ್‌ಲೈನಿನಲ್ಲಿ ಮಾರುವ ಹಾರಿಸ್ ಬೆಳಗ್ಗೆ ವಾಟ್ಸಾಪಿನಲ್ಲಿ ಕಳುಹಿಸಿದ್ದ ಪ್ರಚಾರದ ವಿಡಿಯೋ ಅದು. ಕೆಳಗೆ, 'ತೃಷಾ ಮಾಡಿದ್ದು. ಕ್ವಾಲಿಟಿ ಓಕೆಯಾ ಅಕ್ಕ, ನೋಡಿ ಹೇಳಿ' ಎಂದು ಬರೆದಿದ್ದ. ತೃಷಾ ಇದೇ ಕೋಣೆಯಲ್ಲಿ, ಈಗ ಶಶಿಪ್ರಭಾ ಕೈಚೀಲ ಇಟ್ಟಿರುವ ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮೂರು ವರ್ಷ ಕೆಲಸ ಕಲಿತವಳು.

ಮೊದಲ ನಾಲ್ಕು ಸೆಕೆಂಡು ಪರದೆ ಕಪ್ಪು. ಒಬ್ಬ ಮನುಷ್ಯನ ಉಸಿರು ಮಾತ್ರ ಕೇಳುತ್ತದೆ. ಆಮೇಲೆ ಒಂದು ಕತ್ತಿನ ಹಿಂಭಾಗ, ಬೆವರು, ಹೆಗಲ ಮೇಲೆ ಬ್ಯಾಗಿನ ಪಟ್ಟಿ. ಚಾರ್ಮಾಡಿಯ ಗುಡ್ಡಗಳಲ್ಲಿ ಚಾರಣಿಗರಿಗೆ ದಾರಿ ತೋರಿಸುವ ಹುಕ್ರಪ್ಪ, ಅರವತ್ತು ದಾಟಿದವರು, ಹತ್ತುತ್ತಿದ್ದಾರೆ. ಸಂಗೀತ ಇಲ್ಲ. ಮಾತಿಲ್ಲ. ನಲವತ್ತೊಂದನೆಯ ಸೆಕೆಂಡಿನಲ್ಲಿ ಅವರು ಒಂದು ಬಂಡೆಯ ಮೇಲೆ ಕಾಲಿಡುತ್ತಾರೆ. ಯಾವ ಎಡಿಟರಾದರೂ ಶಾಟನ್ನು ಕತ್ತರಿಸಿ ಮುಂದಿನದಕ್ಕೆ ಹೋಗುವುದು ಕಾಲು ಊರಿದಾಗಲೇ. ಶಶಿಪ್ರಭಾ ಕಲಿಸಿದ್ದೂ ಹಾಗೆಯೇ. ತೃಷಾ ಕಾದಿದ್ದಳು. ಮುದುಕ ಉಸಿರು ಬಿಡತೊಡಗುತ್ತಾರೆ, ಅದು ಅರ್ಧ ಹೊರಗೆ ಬಂದಿರುತ್ತದೆ, ಆಗ ಚಿತ್ರ ಬದಲಾಗಿ ಕೆಳಗಿನ ಕಣಿವೆ ಬರುತ್ತದೆ, ಉಳಿದರ್ಧ ಉಸಿರು ಕಣಿವೆಯ ಮೇಲೆ ಮುಗಿಯುತ್ತದೆ. ಅಷ್ಟೇ. ಪ್ರತಿ ಸಲವೂ ಆ ಜಾಗ ಬಂದಾಗ ಶಶಿಪ್ರಭಾ ವಿಡಿಯೋ ನಿಲ್ಲಿಸಿ ನಾಲ್ಕು ಸೆಕೆಂಡು ಹಿಂದೆ ಹೋಗುತ್ತಿದ್ದಳು. ಇಂಥದೊಂದು ಕಟ್ ತಾನು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಮಾಡಿಲ್ಲ ಎಂಬುದು ಎರಡನೆಯ ಸಲಕ್ಕೇ ಗೊತ್ತಾಗಿತ್ತು. ಮಾಡಬಹುದು ಎಂದು ಹೊಳೆದೇ ಇಲ್ಲ ಎಂಬುದು ಗೊತ್ತಾಗಲು ಏಳು ಸಲ ಬೇಕಾಯಿತು.

ಹನ್ನೊಂದು ಗಂಟೆಗೆ ಹಾರಿಸ್ ಫೋನ್ ಮಾಡಿದ.

"ಶಶಿಯಕ್ಕ, ನೋಡಿದ್ರಾ?"

"ನೋಡಿದೆ."

"ಹೇಗುಂಟು? ನನಗೆ ಎಂತದೂ ಗೊತ್ತಾಗುವುದಿಲ್ಲ ಮಾರಾಯ್ರೆ. ದೊಡ್ಡ ಕಂಪೆನಿಗಳ ವಿಡಿಯೋ ನೋಡಿದ್ರೆ ಡ್ರೋನ್ ಎಂತ, ಮ್ಯೂಸಿಕ್ ಎಂತ. ಇದರಲ್ಲಿ ಹುಕ್ರಪ್ಪಣ್ಣ ನಡೀತಾರೆ, ಕೂತ್ಕೊಳ್ತಾರೆ, ಏಳ್ತಾರೆ. ನನ್ನ ಹೆಂಡತಿ ಶಾಹಿದಾ ಮಾತ್ರ ಎರಡು ಸಲ ನೋಡಿದಳು, ಚಂದ ಉಂಟು ಅಂತಾಳೆ. ಸೀಸನ್ ಶುರುವಾಗ್ಲಿಕ್ಕೆ ಬಂತು, ಹಾಕುವುದಾ ಬೇಡವಾ ಅಂತ ನೀವೇ ಹೇಳ್ಬೇಕು."

ಒಂದು ಮಾತು ಸಾಕಿತ್ತು. ಹಾಕಿ ಎಂದರೆ ಆಗಿತ್ತು. ಅವಳ ಬಾಯಿಗೆ ಆ ಮಾತು ಬಂದೂ ಇತ್ತು.

"ಚಿತ್ರ ಒಳ್ಳೇದುಂಟು. ಸೌಂಡೇ ಸ್ವಲ್ಪ..."

"ಸೌಂಡಿಗೆ ಎಂತ ಆಗಿದೆ?"

"ಆ ಏದುಸಿರು. ಅಷ್ಟು ಜೋರು ಕೇಳಿದ್ರೆ ನೋಡುವವರಿಗೆ ಬ್ಯಾಗು ಭಾರ ಅಂತ ಅನಿಸ್ತದೆ."

ಆ ಕಡೆಯಿಂದ ಹೊಲಿಗೆ ಯಂತ್ರಗಳ ಸದ್ದು ಕೇಳಿಸಿತು.

"ಹೌದಲ್ಲ. ಅದು ನನ್ನ ತಲೆಗೇ ಹೋಗ್ಲಿಲ್ಲ ನೋಡಿ."

"ನಾನು ಹೇಳಿದೆ ಅಂತ ಅವಳಿಗೆ ಹೇಳ್ಬೇಡಿ. ಪಾಪ, ಬೇಜಾರು ಮಾಡ್ಕೊಳ್ತಾಳೆ."

ಫೋನ್ ಇಟ್ಟಳು. ಅಪ್ಪಟ ಸುಳ್ಳಾಗಿದ್ದರೆ ಸುಲಭವಿತ್ತು. ಇದು ಸುಳ್ಳಲ್ಲ. ವ್ಯಾಪಾರ ಬಲ್ಲ ಯಾರಾದರೂ ಹೇಳಬಹುದಾದ ಮಾತೇ. ಆದರೆ ಅವಳು ಅದನ್ನು ವ್ಯಾಪಾರಕ್ಕಾಗಿ ಹೇಳಿರಲಿಲ್ಲ. ವಿಡಿಯೋದ ಜೀವ ಎಲ್ಲಿದೆಯೋ ಸರಿಯಾಗಿ ಅಲ್ಲಿಗೆ ಕೈ ಹಾಕಿದ್ದಳು. ಅದು ಎಲ್ಲಿದೆಯೆಂದು ಹಾರಿಸನಿಗೆ ಗೊತ್ತಿರಲಿಲ್ಲ, ಬಹುಶಃ ತೃಷಾಳಿಗೂ ಪೂರ್ತಿ ಗೊತ್ತಿರಲಿಕ್ಕಿಲ್ಲ. 'ಪಾಪ' ಎಂದ ತನ್ನ ದನಿ ಎಷ್ಟು ಸಹಜವಾಗಿತ್ತು ಎಂದು ನೆನೆದು ಅವಳಿಗೆ ಆಶ್ಚರ್ಯವಾಯಿತು. ಬಂಟ್ವಾಳದ ಒಂದು ಮದುವೆಯ ಪೆನ್‌ಡ್ರೈವ್ ತಲುಪಿಸಲಿಕ್ಕಿತ್ತು. ಬಾಗಿಲು ಹಾಕಿ ಕೆಳಗಿಳಿದಳು.

ಸಿದ್ಧಕಟ್ಟೆಯ ದಾರಿಯಾಗಿ ಹೋಗುವ ಬಸ್ಸಿನಲ್ಲಿ ಕಿಟಕಿ ಬದಿಯ ಸೀಟು ಸಿಕ್ಕಿತು. ನೋಡುವುದಿಲ್ಲ ಎಂದುಕೊಂಡೇ ಇಯರ್‌ಫೋನ್ ಸಿಕ್ಕಿಸಿ ಎಂಟನೆಯ ಸಲ ನೋಡಿದಳು. ಮೊದಲ ತಿಂಗಳಲ್ಲೇ ತೃಷಾ ಕೇಳಿದ್ದಳು, ಕೆಮ್ಮನ್ನು ಯಾಕೆ ತೆಗೀಬೇಕು ಅಕ್ಕ, ಮದುವೆಯಲ್ಲಿ ಜನ ಕೆಮ್ಮುವುದಿಲ್ಲವಾ. ಕೆಮ್ಮುತ್ತಾರೆ, ಆದ್ರೆ ದುಡ್ಡು ಕೊಟ್ಟು ಯಾರೂ ಕೇಳುವುದಿಲ್ಲ ಎಂದು ಇವಳು ಹೇಳಿದ್ದು, ಇಬ್ಬರೂ ನಕ್ಕದ್ದು ನೆನಪಾಯಿತು. ಕ್ಲೀನ್ ಬೇಕೆಂದರೆ ಶಶಿಪ್ರಭಾ ಎಂಬ ಮಾತು ಕಾರ್ಕಳದವರೆಗೂ ಇತ್ತು. ಅಳುವ ಮಗು, ಕುಕ್ಕರಿನ ಸೀಟಿ, ಯಾರದೋ ಅತ್ತೆಯ ಗೊಣಗು, ಎಲ್ಲವನ್ನೂ ಗುರುತು ಉಳಿಯದಂತೆ ತೆಗೆಯುವ ಕೈ ಅವಳದು. ಆ ಹುಡುಗಿಗೆ ಅದು ಬರಲೇ ಇಲ್ಲ. ಬಾರದ್ದರಿಂದಲೇ ಅವಳು ಬೇರೆ ಎಲ್ಲಿಗೋ ಹೋಗಿ ಮುಟ್ಟಿದಳೇ? ಹೋದ ತಿಂಗಳು ಗಂಡ ಕಮಲಾಕ್ಷ ಖುಷಿಯಿಂದ ಸುದ್ದಿ ತಂದಿದ್ದ. ಮಿಜಾರಿನಲ್ಲಿ ಅವನದ್ದು ಸಣ್ಣ ಹೋಟೆಲು. "ನಿನ್ನ ತೃಷಾ ಬಂದಿದ್ದಳು. ಕಾಲೇಜಿನವರು ಕರೆಸಿದ್ದಂತೆ, ವಿಡಿಯೋ ಮಾಡುವುದು ಹೇಗೆ ಅಂತ ಮಕ್ಕಳಿಗೆ ಹೇಳಿಕೊಡ್ಲಿಕ್ಕೆ. ಎರಡು ಬನ್ಸ್ ತಿಂದಳು. ನಿನ್ನನ್ನು ಭಾರೀ ಕೇಳಿದಳು." ಶಶಿಪ್ರಭಾ ಪಾತ್ರೆ ತೊಳೆಯುತ್ತ, ಹೌದಾ, ಎಂದಿದ್ದಳು. ಕಾಲೇಜು ಮನೆಯಿಂದ ಹತ್ತು ಕಿಲೋಮೀಟರೂ ಇಲ್ಲ. ಹತ್ತೊಂಬತ್ತು ವರ್ಷ. ಒಂದು ದಿನವೂ ಅವಳನ್ನು ಯಾರೂ ಬಾ ಎಂದಿರಲಿಲ್ಲ. ಅದಕ್ಕೆ ತೃಷಾಳ ಮೇಲೆ ಸಿಟ್ಟು ಮಾಡಿಕೊಳ್ಳುವುದು ಅನ್ಯಾಯ ಎಂದು ಆಗಲೂ ಗೊತ್ತಿತ್ತು. ಗೊತ್ತಿದ್ದೂ ಆ ಪಾತ್ರೆಯನ್ನು ಎರಡು ಸಲ ತೊಳೆದಿದ್ದಳು.

ಬಂಟ್ವಾಳದ ಮನೆಯಲ್ಲಿ ವಧುವಿನ ತಾಯಿ ಅನ್ನಪೂರ್ಣೇಶ್ವರಿ ಮಜ್ಜಿಗೆ ಕೊಟ್ಟು, ಪೆನ್‌ಡ್ರೈವನ್ನು ಆಗಲೇ ಟಿವಿಗೆ ಸಿಕ್ಕಿಸಿದರು. ಮಂಟಪ ಹೊಳೆಯಿತು. ನಾದಸ್ವರ ತುಂಬಿಕೊಂಡಿತು.

"ಎಲ್ಲಾ ಕ್ಲೀನಾಗಿ ಬಂದಿದೆ," ಎಂದರು ಅವರು. ಆಮೇಲೆ ಸ್ವಲ್ಪ ಹೊತ್ತು ನೋಡಿ, "ನಮ್ಮ ಅತ್ತೆ ಶೋಭಾನೆ ಹೇಳಿದ್ದು ಇಲ್ಲವಾ ಇದರಲ್ಲಿ?"

"ಅದು ಸ್ಪಷ್ಟ ಬರಲಿಲ್ಲ."

"ಹೌದೌದು. ಅವರ ಸ್ವರ ಈಗ ಹೋಗಿದೆ." ಅನ್ನಪೂರ್ಣೇಶ್ವರಿಯವರ ಮಾತಿನಲ್ಲಿ ದೂರು ಇರಲಿಲ್ಲ. "ಮಗಳಿಗೆ ಬೆಳ್ತಂಗಡಿಯ ತೃಷಾ ಅಂತ ಒಬ್ಬರಿದ್ದಾರಲ್ಲ, ಅವರೇ ಆಗಬೇಕಿತ್ತು. ದಿನ ಸಿಗಲಿಲ್ಲ. ನೀವು ಅವರ ಟೀಚರ್ ಅಂತ ಗೊತ್ತಾಯ್ತು, ಅದಕ್ಕೇ ಧೈರ್ಯದಲ್ಲಿ ನಿಮಗೆ ಕೊಟ್ಟದ್ದು."

ಮಜ್ಜಿಗೆಗೆ ಶುಂಠಿ ಹೆಚ್ಚಾಗಿತ್ತು. ಪೂರ್ತಿ ಕುಡಿದು ಲೋಟ ಕೆಳಗಿಟ್ಟು, ಚಂದದ ನಗು ನಕ್ಕು ಹೊರಟಳು. ಬಸ್ಸು ಕಾಯುವಾಗ ಬೆಳಗ್ಗಿನ ಮಾತು ನೆನಪಾಯಿತು, ಆದರೆ ಈಗ ಅದು ಅಷ್ಟು ಚುಚ್ಚಲಿಲ್ಲ. ಆದ ಅವಮಾನಕ್ಕೆ ಮೊದಲೇ ಸೇಡು ತೀರಿಸಿಕೊಂಡಂತೆ, ಎರಡೂ ಸಮವಾದಂತೆ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ನಾಚಿಕೆಯಾಯಿತು. ನಾಚಿಕೆಯ ಜೊತೆ ಸಮಾಧಾನವೂ ಹಾಗೆಯೇ ಉಳಿಯಿತು.

ಮರುದಿನ ಹತ್ತು ಗಂಟೆಗೆ ಮೆಟ್ಟಿಲ ಮೇಲೆ ಸದ್ದಾಯಿತು. ತೃಷಾ, ಕೈಯಲ್ಲಿ ಹೆಲ್ಮೆಟ್ಟು, ಹೆಗಲಲ್ಲಿ ಲ್ಯಾಪ್‌ಟಾಪು. ಬೆಳ್ತಂಗಡಿಯಿಂದ ವೇಣೂರಿನ ದಾರಿಯಾಗಿ ಸ್ಕೂಟರಿನಲ್ಲಿ ಬಂದವಳ ಹುಬ್ಬಿನಲ್ಲಿ ಧೂಳಿತ್ತು. ಪ್ಲಾಸ್ಟಿಕ್ ಕುರ್ಚಿಯಿಂದ ಕೈಚೀಲ ತೆಗೆದು ತಾನೇ ಕೂತಳು.

"ಅಕ್ಕ, ಹಾರಿಸಣ್ಣನ ವಿಡಿಯೋದ ಸೌಂಡ್ ಸರಿ ಆಗ್ಲಿಲ್ಲ ಅಂತೆ. ಉಸಿರು ಹೆಚ್ಚಾಗಿದೆಯಂತೆ. ನಾನು ಅದನ್ನು ಇನ್ನೂರು ಸಲ ಕೇಳಿದ್ದೇನೆ, ನನ್ನ ಕಿವಿಗೆ ಈಗ ಎಂತದೂ ತಿಳಿಯುವುದಿಲ್ಲ. ನೀವೊಮ್ಮೆ ಕೇಳಿ."

ಶಶಿಪ್ರಭಾ ಹೆಡ್‌ಫೋನ್ ಹಾಕಿಕೊಂಡಳು. ಮೊದಲ ಸಲ ನೋಡುವವಳಂತೆ ಮುಖ ಮಾಡಿಕೊಳ್ಳಬೇಕಾಯಿತು. ಫೋನಿನಲ್ಲಿ ಕೇಳಿದ್ದಕ್ಕಿಂತ ಇಲ್ಲಿ ಉಸಿರು ಹತ್ತಿರವಿತ್ತು, ತನ್ನ ಕತ್ತಿನ ಹಿಂದೆಯೇ ಯಾರೋ ನಿಂತ ಹಾಗೆ. ಪಕ್ಕದಲ್ಲಿ ತೃಷಾ ಪರದೆಯನ್ನಲ್ಲ, ಇವಳ ಮುಖವನ್ನು ನೋಡುತ್ತಿದ್ದಳು. ಉಗುರು ಕಚ್ಚುವ ಚಾಳಿ ಇನ್ನೂ ಹೋಗಿರಲಿಲ್ಲ. ಇದಕ್ಕೆ ಕೈ ಹಚ್ಚಬೇಡ, ಹಾರಿಸರ ಹತ್ತಿರ ನಾನು ಮಾತಾಡ್ತೇನೆ ಎಂದು ಈಗ ಹೇಳಿಬಿಡಬಹುದು. ಹೇಳಿದರೆ ಎಲ್ಲ ಮುಗಿಯುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅವಳು ಹೆಡ್‌ಫೋನ್ ತೆಗೆದು ತೃಷಾಳ ಕಡೆ ತಿರುಗಿದಳು.

"ನಿಮ್ಮ ಹಾಗೆ ಕ್ಲೀನ್ ಮಾಡ್ಲಿಕ್ಕೆ ನನಗೆ ಬರ್ಲೇ ಇಲ್ಲ ಅಕ್ಕ," ಎಂದಳು ತೃಷಾ, ಇವಳು ಬಾಯಿ ತೆರೆಯುವ ಮೊದಲೇ.

ಅದು ಗೌರವದ ಮಾತು. ಶಶಿಪ್ರಭಾಳ ಕಿವಿಗೆ ಮಾತ್ರ ಅದರೊಳಗಿನ ಇನ್ನೊಂದು ಕೇಳಿತು. ಕ್ಲೀನ್ ಮಾಡುವುದು ನಿಮಗೆ ಬರುತ್ತದೆ. ನಿಮಗೆ ಬರುವುದು ಅದು.

"ಸರಿ," ಎಂದಳು. "ಫೈಲ್ ಹಾಕು. ನಾನೇ ಮಾಡ್ತೇನೆ."

ಎರಡು ಗಂಟೆ ಹಿಡಿಯಿತು. ಹತ್ತೊಂಬತ್ತು ವರ್ಷದಲ್ಲಿ ಅಷ್ಟು ಶ್ರದ್ಧೆಯಿಂದ ಅವಳು ಯಾವ ಕೆಲಸವನ್ನೂ ಮಾಡಿರಲಿಲ್ಲ. ಉಸಿರನ್ನು ತೆಗೆಯಬೇಕಾದರೆ ಮೊದಲು ಅದನ್ನೊಂದನ್ನೇ ಬೇರ್ಪಡಿಸಿ ಕೇಳಬೇಕು. ಗಾಳಿ ಇಲ್ಲದೆ, ಹೆಜ್ಜೆ ಇಲ್ಲದೆ, ಬರೀ ಮುದುಕನ ಉಸಿರು, ಒಂದಾದ ಮೇಲೊಂದು. ಏರಿನಲ್ಲಿ ಗಂಟಲಿನದ್ದು, ಸಮತಟ್ಟಿನಲ್ಲಿ ಮೂಗಿನದ್ದು. ಒಂದು ಕಡೆ ಅದರಲ್ಲಿ ಮಾತೂ ಇತ್ತು. ಮೂರು ಸಲ ಹಿಂದೆ ಹೋಗಿ ಕೇಳಿದಳು. "ಒಂತೆ ಉಂತುಲ ಮಗಾ." ತುಳುವಿನಲ್ಲಿ, ಸ್ವಲ್ಪ ನಿಲ್ಲು ಮಗಾ ಎಂದು. ಕ್ಯಾಮೆರಾ ಹಿಡಿದು ಹಿಂದಿನಿಂದ ಬರುತ್ತಿದ್ದ ತೃಷಾಳಿಗೆ ಹೇಳಿದ್ದು. ಯಾವ ಪ್ರೇಕ್ಷಕನಿಗೂ ಅದು ಮಾತಾಗಿ ಕೇಳುವುದಿಲ್ಲ, ಆದರೆ ಆ ಉಸಿರು ಹಾಗಿದ್ದದ್ದು ಅದರಿಂದಲೇ. ಅದನ್ನೂ ಅಳಿಸಿದಳು. ಬದಲಿಗೆ ತನ್ನ ಸಂಗ್ರಹದಿಂದ ಒಣ ಎಲೆಗಳ ಮೇಲಿನ ಹೆಜ್ಜೆ, ದೂರದ ಹಕ್ಕಿ, ತೆಳು ಗಾಳಿ, ಕೊನೆಯಲ್ಲಿ ಒಂದಿಷ್ಟು ಕೊಳಲು. ನಲವತ್ತೊಂದನೆಯ ಸೆಕೆಂಡಿನಲ್ಲಿ ಈಗ ಕಾಯುವುದಕ್ಕೆ ಏನೂ ಇರಲಿಲ್ಲ. ಕಾಲು ಊರಿದಲ್ಲಿಗೆ ಕಟ್ಟನ್ನು ಹಿಂದೆ ಸರಿಸಿದಳು. ಹಿಂದೆಯೇ, ಹಾರಿಸ್ ಕಳುಹಿಸಿದ್ದ ಹಳೆಯದನ್ನು ತನ್ನ ಫೋನಿನಿಂದಲೂ ಅಳಿಸಿದಳು.

ತೃಷಾ ಕೊನೆಯವರೆಗೂ ಕೇಳಿದಳು. ಮುಗಿದ ಮೇಲೆ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಈಗ ಇವಳಿಗೆ ತಿಳಿಯುತ್ತದೆ, ಈಗ ಎದ್ದು ಬೈಯುತ್ತಾಳೆ ಎಂದು ಶಶಿಪ್ರಭಾ ಕಾದಳು. ಬೈಯಲಿ ಎಂದು ಕಾದಳೋ ಏನೋ.

"ಚಂದ ಆಯ್ತು ಅಕ್ಕ. ನಾನು ಎಲ್ಲಿ ತಪ್ಪಿದ್ದು ಅಂತ ಈಗ ಗೊತ್ತಾಯ್ತು."

ವಿಡಿಯೋ ಅದೇ ವಾರ ಬಂತು. ಜನ ಮೆಚ್ಚಿದರು. 'ಸೌಂಡ್ ಸೂಪರ್' ಎಂದು ಯಾರೋ ಬರೆದರು, 'ಪಕ್ಕಾ ಪ್ರೊಫೆಶನಲ್' ಎಂದು ಇನ್ನೊಬ್ಬರು. ಕೊನೆಯಲ್ಲಿ ತೃಷಾಳ ಹೆಸರಿನ ಕೆಳಗೆ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಶಶಿಪ್ರಭಾಳ ಹೆಸರಿತ್ತು. ಹಾಕಿಸಿದ್ದು ತೃಷಾಳೇ. ಕಮಲಾಕ್ಷ ಹೋಟೆಲಿಗೆ ಬಂದವರಿಗೆಲ್ಲ ಅದನ್ನು ತೋರಿಸಿದ. ಶಶಿಪ್ರಭಾ ಮಾತ್ರ ಒಂದು ವಿಚಿತ್ರ ಸ್ಥಿತಿಯಲ್ಲಿದ್ದಳು. ಅಡುಗೆ ಮಾಡುವಾಗ, ಬಸ್ಸಿನಲ್ಲಿ, ಇನ್ನೊಬ್ಬರ ಮದುವೆಯ ಧಾರೆಯ ದೃಶ್ಯ ಕತ್ತರಿಸುವಾಗ, ಅವಳಿಗೆ ಕೇಳುತ್ತಿದ್ದದ್ದು ಹಳೆಯದು. ಅದನ್ನು ಮೆಚ್ಚಿದವರು ಲೋಕದಲ್ಲಿ ಶಾಹಿದಾ ಒಬ್ಬಳು, ಮತ್ತೆ ತಾನು. ಹೊಟ್ಟೆಕಿಚ್ಚು ಈಗಲಾದರೂ ಆರಬೇಕಿತ್ತು, ಆರಲಿಲ್ಲ. ಮಾಡಿದವಳಿಗೇ ಬೇಡವಾದ ಆ ಒಂದು ನಿಮಿಷ ನಲವತ್ತೆಂಟು ಸೆಕೆಂಡಿಗಾಗಿ ಅವಳು ಇನ್ನೂ ಉರಿಯುತ್ತಿದ್ದಳು.

ಎರಡು ವಾರ ಕಳೆದು, ಟೆಂಟಿನ ವಿಡಿಯೋದ ಬಗ್ಗೆ ಮಾತಾಡುವ ಎಂದು ಹಾರಿಸ್ ಇಬ್ಬರನ್ನೂ ಮುಂಡಾಜೆಗೆ ಕರೆದ. ಹೊಲಿಗೆ ಯಂತ್ರಗಳ ನಡುವೆ ಕುರ್ಚಿ ಹಾಕಿಸಿ, ಚಹಾ ತರಿಸಿ, ಇನ್ನು ಎಲ್ಲ ವಿಡಿಯೋದ ಸೌಂಡು ಶಶಿಯಕ್ಕನೇ ನೋಡ್ಬೇಕು ಎಂದ. ತೃಷಾ ತಲೆಯಾಡಿಸಿ, ತಾನು ಈ ಸಲ ತೆಗೆಯಬೇಕೆಂದಿರುವ ಮೂರು ಶಾಟುಗಳ ತುಣುಕನ್ನು ತೋರಿಸಿದಳು. ಪ್ರಯೋಗಕ್ಕೆಂದು ತೆಗೆದದ್ದು. ಅವುಗಳಿಗೆ ಆಗಲೇ ಹಕ್ಕಿ, ಗಾಳಿ, ಒಣ ಎಲೆ ಹಾಕಿದ್ದಳು. ಎಲ್ಲ ಕಟ್ಟುಗಳೂ ಕಾಲು ಊರಿದಲ್ಲಿ, ಕೈ ಇಟ್ಟಲ್ಲಿ, ಸರಿಯಾಗಿ. ಶಶಿಪ್ರಭಾ ನೋಡಿದಳು. ಚಹಾದ ಲೋಟವನ್ನು ಕೆಳಗಿಟ್ಟಳು. ತಾನು ಅಳಿಸಿದ್ದು ಆ ವಿಡಿಯೋವನ್ನು ಮಾತ್ರ ಎಂದು ಇಷ್ಟು ದಿನ ತಿಳಿದಿದ್ದಳು.

ಅಷ್ಟರಲ್ಲಿ ಹುಕ್ರಪ್ಪ ಬಂದರು. ಟೆಂಟಿಗೂ ಅವರೇ ಬೇಕಿತ್ತು. ಅವರ ಹತ್ತಿರ ಸ್ಮಾರ್ಟ್‌ಫೋನ್ ಇಲ್ಲದ್ದರಿಂದ ವಿಡಿಯೋ ನೋಡಿರಲಿಲ್ಲ. ಹಾರಿಸ್ ತನ್ನ ಫೋನಿನಲ್ಲಿ ಹಾಕಿ ಕೊಟ್ಟ. ಅವರು ತೋಳಳತೆಯ ದೂರದಲ್ಲಿ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರು.

"ಜನ ನಾನೇ. ಆದ್ರೆ ನಾನು ಇಷ್ಟು ಸುಮ್ಮನೆ ಹತ್ತುವುದಿಲ್ಲ. ನನಗೆ ಉಬ್ಬಸ ಉಂಟು." ತೃಷಾಳ ಕಡೆ ನೋಡಿದರು. "ನೀನು ಅವತ್ತು ಕಾಲರಿಗೆ ಮೈಕ್ ಸಿಕ್ಕಿಸಿ, ನಿಮ್ಮ ಉಸಿರೇ ಬೇಕು ಅಂತ ಹೇಳಿದ್ದೆಯಲ್ಲ. ನಾನು ನಾಚಿಕೆ ಬಿಟ್ಟು ಹತ್ತಿದ್ದು."

"ಅದು ನನ್ನ ತಪ್ಪು ಹುಕ್ರಪ್ಪಣ್ಣ. ನನಗೆ ಗೊತ್ತಿರ್ಲಿಲ್ಲ. ಅಕ್ಕ ಸರಿ ಮಾಡಿ ಕೊಟ್ಟರು."

"ಹಾಗಾ," ಎಂದರು ಮುದುಕ. ಫೋನು ಹಿಂದೆ ಕೊಟ್ಟರು. ಶಶಿಪ್ರಭಾಳತ್ತ ನೋಡಿ, ಓದಿದವರಿಗೆ ಕೊಡುವ ಮರ್ಯಾದೆಯಿಂದ ತಲೆ ಬಗ್ಗಿಸಿದರು.

ಹೊರಗೆ ಬಂದು ಸ್ಕೂಟರಿನ ಹತ್ತಿರ ನಿಂತಾಗ ಶಶಿಪ್ರಭಾ ಹೇಳಿದಳು. ಹೇಗೆ ಶುರುಮಾಡುವುದೆಂದು ಯೋಚಿಸಿದ್ದರೆ ಹೇಳುತ್ತಿರಲಿಲ್ಲ.

"ಬ್ಯಾಗು ಭಾರ ಅಂತ ಕಾಣ್ತದೆ ಅಂತ ಹಾರಿಸರಿಗೆ ಹೇಳಿದ್ದು ನಾನು."

"ಗೊತ್ತುಂಟು ಅಕ್ಕ. ಅವರು ಅವತ್ತೇ ಹೇಳಿದ್ರು." ತೃಷಾ ಹೆಲ್ಮೆಟ್ಟಿನ ಧೂಳು ಒರೆಸುತ್ತಿದ್ದಳು. "ಅದಕ್ಕೇ ನಿಮ್ಮ ಹತ್ರ ಬಂದದ್ದು. ಬೇರೆ ಯಾರು ಹೇಳಿದ್ರೂ ನಾನು ಒಪ್ತಿರ್ಲಿಲ್ಲ. ಜಗಳ ಮಾಡ್ತಿದ್ದೆ."

ರಸ್ತೆಯಲ್ಲಿ ಚಾರ್ಮಾಡಿಯ ಕಡೆಯಿಂದ ಲಾರಿಯೊಂದು ಇಳಿದು ಹೋಯಿತು. ಅದರ ಸದ್ದು ಮುಗಿಯುವವರೆಗೆ ಶಶಿಪ್ರಭಾ ಕಾದಳು.

"ಅದು ಚೆನ್ನಾಗಿತ್ತು," ಎಂದಳು. "ನೀನು ಮಾಡಿದ್ದು. ಒಂದೂ ತಪ್ಪಿರಲಿಲ್ಲ. ನನಗೆ ಹೊಟ್ಟೆ ಉರಿಯಿತು. ಅದಕ್ಕೆ ಹೇಳಿದ್ದು. ಅದಕ್ಕೇ ತೆಗೆದದ್ದೂ."

ತೃಷಾ ಮೊದಲು ನಕ್ಕಳು, ತಮಾಷೆ ಎಂದುಕೊಂಡು. ಆಮೇಲೆ ಇವಳ ಮುಖ ನೋಡಿದಳು. ಬಟ್ಟೆ ಹಿಡಿದ ಕೈ ಹೆಲ್ಮೆಟ್ಟಿನ ಮೇಲೆ ನಿಂತಿತು.

"ಎಲ್ಲಿ ಚೆನ್ನಾಗಿತ್ತು?" ಎಂದು ಕೇಳಿದಳು. ಪರೀಕ್ಷೆ ಮಾಡುವವಳ ದನಿ.

ಶಶಿಪ್ರಭಾ ಹೇಳಿದಳು. ಕಪ್ಪು ಪರದೆಯ ನಾಲ್ಕು ಸೆಕೆಂಡು, ಮೂರಾದರೆ ಕಡಿಮೆ, ಐದಾದರೆ ಜಂಬ ಎಂದು. ಬಂಡೆಯ ಮೇಲಿನ ಕಾಲು, ಅರ್ಧ ಉಸಿರು, ಕಣಿವೆ. ಮುದುಕ ಕೂರುವ ಮೊದಲು ಕಲ್ಲು ಒರೆಸುವುದನ್ನು ಪೂರ್ತಿ ಉಳಿಸಿಕೊಂಡದ್ದು. ಹೇಳುತ್ತ ಹೇಳುತ್ತ ಅವಳ ದನಿಗೆ ಉತ್ಸಾಹ ಬಂತು. ಒಂದೊಂದು ಕಟ್ಟೂ ಬಾಯಿಪಾಠವಾಗಿತ್ತು. ಯಾರೋ ತನ್ನನ್ನೇ ಹೊಗಳುತ್ತಿದ್ದಂಥ ಸಂತೋಷದಲ್ಲಿ, ತಾನು ಯಾಕೆ ಹೇಳುತ್ತಿದ್ದೇನೆಂಬುದನ್ನೇ ಒಂದು ಗಳಿಗೆ ಮರೆತಳು. ತೃಷಾಳ ಕಣ್ಣು ತುಂಬಿದ್ದು ಕಂಡಾಗ ನಿಲ್ಲಿಸಿದಳು.

"ಅಷ್ಟೆಲ್ಲ ಗೊತ್ತಿತ್ತಾ ನಿಮಗೆ," ಎಂದಳು ತೃಷಾ. "ನಾನು ಅಳಿಸಿಬಿಟ್ಟೆ ಅದನ್ನು, ಹಾರಿಸಣ್ಣನ ಫೋನಿಂದಲೂ. ತಪ್ಪಿನದ್ದು ಯಾಕೆ ಇಟ್ಟುಕೊಳ್ಳುವುದು ಅಂತ."

 ಒಳಗೆ ಹಾರಿಸ್ ಯಾರಿಗೋ ಬಟ್ಟೆಯ ಬಣ್ಣ ಹೇಳುತ್ತಿದ್ದ. ತೃಷಾ ಮುಖ ಒರೆಸಿಕೊಂಡಳು, ಹೆಲ್ಮೆಟ್ ಹಾಕಿಕೊಂಡಳು, ಪಟ್ಟಿ ಬಿಗಿದಳು.

"ಇನ್ನು ನಾನು ನಿಮಗೆ ಯಾವುದನ್ನೂ ತೋರಿಸುವುದಿಲ್ಲ ಅಕ್ಕ."

ಸಿಟ್ಟಿನಿಂದ ಹೇಳಿದ್ದಲ್ಲ. ಅಕ್ಕ ಎನ್ನುವುದನ್ನು ಬಿಟ್ಟಿರಲೂ ಇಲ್ಲ.

"ಬೇಡ," ಎಂದಳು ಶಶಿಪ್ರಭಾ. "ತೋರಿಸ್ಬೇಡ."

"ಕೂತ್ಕೊಳ್ಳಿ. ಬಸ್ಸಿಗೆ ಬಿಡ್ತೇನೆ."

ನಡೆದು ಹೋಗುತ್ತೇನೆ ಎನ್ನುವಷ್ಟು ಹಕ್ಕೂ ತನಗಿಲ್ಲ ಎನಿಸಿ ಶಶಿಪ್ರಭಾ ಹಿಂದೆ ಕೂತಳು. ಹಿಂದೆಲ್ಲ ಇದೇ ಸ್ಕೂಟರಿನಲ್ಲಿ ಹುಡುಗಿಯ ಹೆಗಲು ಹಿಡಿದು ಕೂರುತ್ತಿದ್ದಳು. ಈಗ ಸೀಟಿನ ಹಿಂದಿನ ಕಬ್ಬಿಣದ ಸರಳನ್ನು ಹಿಡಿದಳು. ಬಿಸಿಲಿಗೆ ಅದು ಕಾದಿತ್ತು. ನಿಲ್ದಾಣದಲ್ಲಿ ಇಳಿಸಿ ತೃಷಾ ಹೊರಟುಹೋಗಬಹುದಿತ್ತು. ಹೋಗಲಿಲ್ಲ. ಎಂಜಿನ್ ಆರಿಸಿ, ಹೆಲ್ಮೆಟ್ ತೆಗೆಯದೆ, ರಸ್ತೆಯನ್ನೇ ನೋಡುತ್ತ ನಿಂತಳು. ಕಾಲು ಗಂಟೆಯಾದ ಮೇಲೆ ಬಸ್ಸು ಕಂಡಾಗ ಅವಳೇ ಎರಡು ಹೆಜ್ಜೆ ಮುಂದೆ ಬಂದು, ಕೈ ಅಡ್ಡ ಹಿಡಿದು ಅದನ್ನು ನಿಲ್ಲಿಸಿದಳು.